ಗುಂಗುರು ಕೂದಲೂ ಗಡಸು ನೀರೂ



ಎಣ್ಣೆನೀರಿನ ದಿನ ಬಚ್ಚಲುಮನೆಯಿಂದ ಗುಂಗುರು ಕೂದಲಿನ ಹುಡುಗಿಯ ಅಳು ಕೇಳಿಬರುವ ಮನೆಗಳು ನಮ್ಮಲ್ಲಿ ಅನೇಕ. ತಾಯಿ ಬಾಚಣಿಗೆಯನ್ನು ಎಳೆಯುವಳು, ಸಿಕ್ಕು ಬಿಡದು; ಕಡೆಗೆ ಕತ್ತರಿ ಬರುವುದು. “ಇವಳದು ಕೂದಲಲ್ಲ, ತೆಂಗಿನ ನಾರು” ಎಂಬ ಮಾತನ್ನು ಆ ಮಗು ದೊಡ್ಡವಳಾದರೂ ಮರೆಯುವುದಿಲ್ಲ. ಅಪರಾಧವು ಬಹುಮಟ್ಟಿಗೆ ಹಂಡೆಯ ನೀರಿನದೆಂಬುದನ್ನು ಈ ಹೊತ್ತು ನಿವೇದಿಸಬೇಕೆಂದಿದ್ದೇವೆ.

ಬೇಳೆ ಬೇಯದ, ಸಾಬೂನು ನೊರೆಗಟ್ಟದ ನೀರಿಗೆ ಗಡಸು ನೀರೆಂದು ಹೆಸರು. ಅದು ನಾಲಗೆಗೆ ಉಪ್ಪಾಗಿರಬೇಕೆಂಬ ನಿಯಮವಿಲ್ಲ. ಸವಳು ನೀರೇ ಬೇರೆ. ಬಯಲುಸೀಮೆಯ ಎಷ್ಟೋ ಬಾವಿಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕವು, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪಿ, ಬೇರೆ ನೀರಿಲ್ಲದೆಡೆ 600ರವರೆಗೆ ಸಹಿಸುತ್ತದೆ. ಕುಡಿಯಲು ಸಲ್ಲುವುದೆಲ್ಲ ತಲೆಗೆ ಹಿತವಲ್ಲ.

ಸಾಬೂನು ಈ ಲವಣಗಳೊಡನೆ ಕೂಡಿದರೆ ಕರಗದ ಬಿಳಿಯ ಗಸಿಯಾಗುತ್ತದೆ. ನೆಟ್ಟನೆಯ ಕೂದಲು ಇದನ್ನು ಹೇಗೋ ತಾಳಿಕೊಂಡೀತು. ಗುಂಗುರು ಕೂದಲಿನಲ್ಲಿಯಾದರೋ ನೆತ್ತಿಯ ಸಹಜವಾದ ಜಿಡ್ಡು ಸುರುಳಿಗಳನ್ನು ದಾಟಿ ತುದಿಯವರೆಗೆ ಸುಲಭವಾಗಿ ಇಳಿಯಲಾರದು. ಮೊದಲೇ ಒಣಗಿದ ಎಳೆಗಳ ಮೇಲೆ ಗಸಿ ಕುಳಿತರೆ ಒಂದಕ್ಕೊಂದು ತೊಡರುವುವು. ಕೊಳೆ ಹೋಗಲಿಲ್ಲವೆಂದು ಭ್ರಮಿಸಿ ನಾವು ಇನ್ನಷ್ಟು ಸಾಬೂನು ಹಚ್ಚುತ್ತೇವೆ, ಗಸಿ ಇನ್ನಷ್ಟಾಗುತ್ತದೆ.

ಈ ವಿಷಯದಲ್ಲಿ ಅಜ್ಜಿಯರ ಸೀಗೆ, ಅಂಟುವಾಳಗಳೇ ಮೇಲು. ಅವುಗಳ ನೊರೆಗೆ ಕಾರಣವಾದ ಸಪೋನಿನ್ ಎಂಬ ದ್ರವ್ಯವು ಸಾಬೂನಿನಂತೆ ಗಸಿಗಟ್ಟುವುದಿಲ್ಲ. ಆದರೆ ಸೀಗೆಪುಡಿಯನ್ನೇ ತಿಕ್ಕಿದರೆ ಸುರುಳಿಗಳಲ್ಲಿ ಸಿಕ್ಕಿಕೊಳ್ಳುವುದು; ಕುದಿಸಿ ಬಟ್ಟೆಯಲ್ಲಿ ಸೋಸಿದ ತಿಳಿ ಸಾಕು. ಇಂದಿನ ಷಾಂಪೂಗಳೂ ಬಹುಪಾಲು ಸಾಬೂನಲ್ಲವಾದುದರಿಂದ ಈ ದೋಷ ಅವುಗಳಿಗಿಲ್ಲ.

ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಗಡಸುತನದ ಒಂದು ಭಾಗ ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆಯಾಗಿ ಉಳಿಯುವುದು. ಕುದಿಸಿದರೂ ಹೋಗದ ಗಡಸುತನವೂ ಉಂಟು. ಅಂಥಲ್ಲಿ ಮಳೆಯ ನೀರಿಗೆ ಸಮನಾದುದಿಲ್ಲ. ಕಡೆಯ ಎರಡು ಚೊಂಬಿಗಾದರೂ ಅದನ್ನು ಹಿಡಿದಿಡಬಹುದು. ಬಟ್ಟೆಯ ಸೋಡಾ ನೀರನ್ನು ಮೆದುಮಾಡುವುದು ನಿಜ. ಅದರ ಕ್ಷಾರ ಕೂದಲನ್ನು ಒರಟಾಗಿಸುವುದರಿಂದ ತಲೆಯ ಹತ್ತಿರ ತರಬಾರದು. ಒಂದು ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಹೊಯ್ದು, ಮತ್ತೆ ತಿಳಿನೀರು ಹಾಕಿದರೆ ಅಂಟಿದ ಗಸಿ ಬಿಡುವುದಕ್ಕೆ ಸಹಾಯವಾದೀತು. ಕಣ್ಣಿಗೆ ಮಾತ್ರ ಬೀಳಬಾರದು.

ಇನ್ನು ಬಾಚುವ ಮಾತು. ಕೂದಲು ಒದ್ದೆಯಾಗಿರುವಾಗಲೇ ಎರಡು ಹನಿ ಎಣ್ಣೆ ಸವರಿ, ಮೊದಲು ಬೆರಳುಗಳಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯ ಸಿಕ್ಕನ್ನು ಬಿಡಿಸಿಕೊಂಡು ಬುಡದತ್ತ ಏರಬೇಕು. ಕತ್ತರಿಯನ್ನು ಅಷ್ಟು ಹೊತ್ತು ಪೆಟ್ಟಿಗೆಯಲ್ಲಿಯೇ ಇಟ್ಟಿರಬಹುದು.