ತಪ್ಪು ಬೆರಳಿನದೋ, ಗುಂಡಿಯದೋ?



ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಬಿ-17 ವಿಮಾನ ನೆಲಕ್ಕಿಳಿದ ಮೇಲೆ ಕೆಲವು ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ವಿಮಾನ ಕುಸಿಯುತ್ತಿತ್ತು, ಅಪವಾದ ಪೈಲಟ್ ತಲೆಗೆ. ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಕಾಕ್‌ಪಿಟ್ ನೋಡಿದರು. ಎರಡೂ ಗುಂಡಿಗಳು ಅಕ್ಕಪಕ್ಕ, ನೋಡಲು ಒಂದೇ ತರಹ! ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಜೋಡಿಸುವ ಉಪಾಯ ಕಂಡುಕೊಂಡರು. ಕತ್ತಲಲ್ಲೂ ಬೆರಳಿಗೆ ವ್ಯತ್ಯಾಸ ತಿಳಿಯುವಂತಾಯಿತು.

ನಮ್ಮ ಫೋನಿನ ಯುಪಿಐ ಕಥೆಯೂ ಹೀಗೇ. ‘ನಿಮಗೆ ಹಣ ಬರುತ್ತೆ, ಪಿನ್ ಒತ್ತಿ’ ಎಂದು ನಂಬಿಸಿ, ಹಣ ಕೇಳುವ ಕೋರಿಕೆ ಕಳಿಸಿ ವಂಚಕರು ದೋಚುತ್ತಿದ್ದರು. ಕಳೆದುಕೊಂಡವರನ್ನೇ ಪೆದ್ದರೆಂದೆವು. ಜನರಿಗೆ ಬುದ್ಧಿ ಹೇಳಿದ್ದಷ್ಟೇ ಸಾಲಲಿಲ್ಲ. ಕೊನೆಗೆ ಎನ್‌ಪಿಸಿಐ ಸಂಸ್ಥೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಕೋರಿಕೆಯನ್ನೇ 2025ರ ಅಕ್ಟೋಬರ್‌ನಿಂದ ನಿಲ್ಲಿಸಿತು. ಯಂತ್ರ ಮನುಷ್ಯನಿಗೆ ಹೊಂದಿಕೊಂಡರೇ ನಂಬಿಕೆ ಉಳಿಯುವುದು, ಅಲ್ಲವೇ?

ವಂಚಕರಿಗೆ ಬೇರೆ ದಾರಿಗಳೂ ಉಂಟು. ಅದಕ್ಕೇ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ: ಹಣ ಪಡೆಯಲು ಪಿನ್ ಬೇಡವೇ ಬೇಡ. ಯಾರಾದರೂ ಮೋಸಹೋದರೆ ಬೈಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿಸಿ.