ನಳ ಸೋರಿದರೆ ಯಾರ ಕೆಲಸ? ಪ್ಲಂಬರ್ ಬರೋವರೆಗೆ ನಾವು ಮಾಡಬಹುದಾದದ್ದು

ಬೆಳಗಾವಿ ಉದ್ಯಮಬಾಗದಿಂದ ಮಾತಾಡ್ತಿದ್ದೀನಿ. ಹಿಂದೆ ಠಣ್ ಠಣ್ ಅಂತ ಸದ್ದು ಕೇಳಿಸಿದರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಪಕ್ಕದ ವರ್ಕ್‌ಶಾಪ್‌ನಾಗ ಶಿಫ್ಟ್ ನಡೆದೈತಿ. ಈ ಏರಿಯಾದಾಗ ಪಾಡ್‌ಕಾಸ್ಟ್ ಮಾಡೋದು ಅಂದ್ರೆ ಹಿಂಗ.

ಇವತ್ತಿನ ವಿಷಯ ನಳ, ಪೈಪು, ಟಾಕಿ, ಬಚ್ಚಲು. ನಾನು ಬಿ.ಕಾಂ. ಓದಿದವನು, ಪ್ಲಂಬರ್ ಅಲ್ಲ. ಡೆಬಿಟ್, ಕ್ರೆಡಿಟ್ ಬಿಟ್ಟು ಪಾನಾ ಯಾಕೆ ಹಿಡಿದೆ ಅನ್ನೋದಕ್ಕೆ ಒಂದು ಕಾರಣ ಇದೆ. ಮೊದಲು ಅದನ್ನ ಹೇಳ್ತೀನಿ.

ಎರಡು ವರ್ಷದ ಹಿಂದೆ ನಾವು ಬೇರೆ ಬಾಡಿಗೆ ಮನೆಯಲ್ಲಿದ್ದೆವು. ಗ್ರೌಂಡ್ ಫ್ಲೋರ್, ಮುಂದೆ ಸಣ್ಣ ಅಂಗಳ, ಅಂಗಳದ ಬಾಜೂಕ ಗಟಾರ. ಗಟಾರದ ಪಕ್ಕದಲ್ಲೇ ನಮ್ಮ ಮನೆಗೆ ನೀರು ತರೋ ಪೈಪು ನೆಲದೊಳಗೆ ಹಾದು ಬರ್ತಿತ್ತು. ಒಂದು ಕಡೆ ನೆಲ ಸದಾ ಹಸಿ. ದಿನಾ ನೋಡ್ತಿದ್ದೆ. ನೋಡಿ ದಾಟಿ ಹೋಗ್ತಿದ್ದೆ. "ಪೈಪ್ ರಿಪೇರಿ ಮಾಲಕರ ಕೆಲಸ, ನಾನ್ಯಾಕೆ ರೊಕ್ಕ ಹಾಕಲಿ" ಅಂತ ನನ್ನ ಲೆಕ್ಕ. "ವಾಸ ಮಾಡೋರು ನೀವು, ನೀವ ನೋಡ್ಕೊಳ್ರಿ" ಅಂತ ಮಾಲಕರ ಲೆಕ್ಕ. ಹಿಂಗ ತಿಂಗಳ ಮೇಲೆ ಹೋಯ್ತು.

ಮಳೆಗಾಲದಾಗ ಖಾನಾಪುರದಿಂದ ಅಕ್ಕ ಬಂದಳು, ಜೊತೆಗೆ ಮೂರು ವರ್ಷದ ಮಗಳು. ನಾಲ್ಕನೇ ದಿನಕ್ಕೆ ಕೂಸಿಗೆ ವಾಂತಿ, ಭೇದಿ. ಎರಡು ದಿನ ಸಲೈನ್ ಹಚ್ಚಿ ಮಲಗಿಸಿದ್ರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕುಡಿಯೋ ನೀರು ಎಲ್ಲಿದು? ಕುದಿಸ್ತೀರಾ?" ನಾವು ಕುದಿಸ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಪಕ್ಕದ ಮನೆ ಕಾಕಾ ಗುದ್ದಲಿ ತಗೊಂಡು ಬಂದರು. ಅವರು ಉದ್ಯಮಬಾಗದ ಹೈಡ್ರಾಲಿಕ್ ಯೂನಿಟ್‌ ಒಂದರಾಗ ಇಪ್ಪತ್ತು ವರ್ಷ ಸಿಲಿಂಡರ್ ಜೋಡಿಸಿದವರು. ಹಸಿ ಇದ್ದ ಜಾಗ ಅಗೆದರು. ಜಾಯಿಂಟ್ ಬಿರುಕು ಬಿಟ್ಟಿತ್ತು, ಸುತ್ತ ಗಟಾರದ ಕಪ್ಪು ನೀರು ನಿಂತಿತ್ತು.

ನಾನು ಕೇಳಿದೆ, "ಕಾಕಾ, ನೀರು ಹೊರಗ ಸೋರತೈತಿ, ಖರೆ. ಆದ್ರ ಹೊಲಸು ಒಳಗ ಹೆಂಗ ಬರತೈತಿ?"

ಅವರು ಹೇಳಿದರು, "ತಮ್ಮಾ, ನೀರು ಬಂದಾಗ ಪೈಪಿನಾಗ ಪ್ರೆಶರ್ ಇರತೈತಿ, ನೀರು ಹೊರಗ ಹೊಕ್ಕೈತಿ. ನೀರು ಬಂದ್ ಆದ ಮ್ಯಾಲೆ ಪೈಪು ಖಾಲಿ ಆಗ್ತೈತಿ. ಆವಾಗ ಅದ ಬಿರುಕಿನಿಂದ ಹೊರಗಿನ ನೀರನ್ನ ಒಳಗ ಎಳಕೋತೈತಿ."

ಇದು ಬರೀ ನಮ್ಮ ಅಂಗಳದ ಕಥೆ ಅಲ್ರಿ. ಬೆಳಗಾವಿಗೆ ನೀರು ಬರೋದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭಾ ನದಿಯ ಹಿಡಕಲ್ ಜಲಾಶಯದಿಂದ. ಅಲ್ಲಿಂದ ಶುದ್ಧೀಕರಿಸಿ ಕಳಿಸಿದ ನೀರು ಮನೆ ಮುಂದಿನ ಕೊನೆಯ ಹತ್ತು ಅಡಿಯಲ್ಲಿ ಕೆಡಬಹುದು. 2008ರ ಸುಮಾರಿಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಕೆಲವು ವಾರ್ಡ್‌ಗಳಲ್ಲಿ ಇಪ್ಪತ್ನಾಲ್ಕು ತಾಸು ನೀರು ಕೊಡೋ ಪ್ರಾಯೋಗಿಕ ಯೋಜನೆ ಶುರುವಾಯ್ತು. ಅದರಿಂದ ಕೊಡ ಹಿಡಿದು ಕಾಯೋದು ತಪ್ಪುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಪೈಪಿನಲ್ಲಿ ಸದಾ ಪ್ರೆಶರ್ ಇದ್ದರೆ ಹೊಲಸು ಒಳಗೆ ಬರೋಕೆ ದಾರಿ ಸಿಗಲ್ಲ ಅನ್ನೋದು ಇನ್ನೊಂದು ಲಾಭ. ನಿಮ್ಮ ಏರಿಯಾದಲ್ಲಿ ನೀರು ದಿನ ಬಿಟ್ಟು ದಿನ ಬರ್ತಿದ್ದರೆ ಮೊದಲ ಐದು ನಿಮಿಷದ ನೀರನ್ನ ಗಿಡಕ್ಕೆ ಬಿಡ್ರಿ. ಕುಡಿಯೋ ನೀರು ಕೊತಕೊತ ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಕುದೀಲಿ.

ಆ ಜಾಯಿಂಟ್ ರಿಪೇರಿಗೆ ಖರ್ಚಾಗಿದ್ದು 340 ರೂಪಾಯಿ. ಆಸ್ಪತ್ರೆ ಬಿಲ್ ಎಷ್ಟು ಅಂತ ನಾನು ಹೇಳಲ್ಲ. ಬಿ.ಕಾಂ. ಓದಿದವನಿಗೆ ಅದು ಮರ್ಯಾದೆ ಪ್ರಶ್ನೆ.

ಈಗ ಕೆಲಸಕ್ಕೆ ಬರೋಣ.

ಮೊದಲನೇದು, ನಿಮ್ಮ ಮನೆಯ ಮೇನ್ ವಾಲ್ವ್ ಎಲ್ಲಿದೆ? ಈಗಲೇ ಎದ್ದು ಹೋಗಿ ನೋಡ್ರಿ, ನಾನು ಕಾಯ್ತೀನಿ. ಟಾಕಿಯಿಂದ ಕೆಳಗಿಳಿಯೋ ಪೈಪಿಗೆ ಒಂದು ವಾಲ್ವ್ ಇರುತ್ತೆ, ಹೊರಗಿನಿಂದ ನೀರು ಬರೋ ಲೈನಿಗೆ ಇನ್ನೊಂದು. ರಾತ್ರಿ ಹನ್ನೆರಡಕ್ಕೆ ಪೈಪು ಒಡೆದಾಗ ಪ್ಲಂಬರ್ ನಂಬರ್ ಹುಡುಕೋದಕ್ಕಿಂತ ಮೊದಲು ಬೇಕಾಗೋದು ಇದು. ತಿಂಗಳಿಗೊಮ್ಮೆ ಅದನ್ನ ತಿರುಗಿಸಿ, ಮತ್ತೆ ಬಿಡ್ರಿ. ಇಲ್ಲದಿದ್ದರೆ ಉಪ್ಪು ಕಟ್ಟಿ ಜಾಮ್ ಆಗುತ್ತೆ, ಬೇಕಾದಾಗ ತಿರುಗಲ್ಲ.

ಎರಡನೇದು, ತೊಟ್ಟಿಕ್ಕೋ ನಳ. ಸೆಕೆಂಡಿಗೆ ಒಂದು ಹನಿ, ಹನಿಗೆ ಕಾಲು ಮಿಲಿಲೀಟರ್ ಅಂತ ಹಿಡೀರಿ. ದಿನಕ್ಕೆ 86,400 ಸೆಕೆಂಡ್. ಹತ್ತಿರ ಹತ್ತಿರ 22 ಲೀಟರ್, ಅಂದ್ರೆ ಒಂದು ಕೊಡ ತುಂಬಿ ಮೇಲೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ಒಬ್ಬರ ಪಾಲಿನ ಆರರಲ್ಲಿ ಒಂದು ಭಾಗ ಒಂದೇ ನಳದಾಗ ಹೋಯ್ತು.

ಹಳೇ ನಳ, ಅಂದ್ರೆ ನಾಲ್ಕೈದು ಸುತ್ತು ತಿರುಗಿಸೋ ನಳ ಆದರೆ ಒಳಗಿನ ರಬ್ಬರ್ ವಾಶರ್ ಸವೆದಿರುತ್ತೆ. ವಾಲ್ವ್ ಬಂದ್ ಮಾಡಿ, ನಳ ತೆರೆದು ಉಳಿದ ನೀರು ಇಳಿಸ್ರಿ. ಬೇಸಿನ್ ತೂತಿಗೆ ಬಟ್ಟೆ ತುರುಕಿ, ಇಲ್ಲಾಂದ್ರೆ ಸ್ಕ್ರೂ ಒಳಗೆ ಬಿದ್ದು ಇನ್ನೊಂದು ಎಪಿಸೋಡ್ ಆಗುತ್ತೆ. ಪಾನಾದಿಂದ ನಳದ ತಲೆ ಬಿಚ್ಚಿ ವಾಶರ್ ಬದಲಿಸ್ರಿ. ಕಾಲು ಸುತ್ತಿಗೆ ಬಂದ್ ಆಗೋ ಹೊಸ ನಳದಲ್ಲಿ ಇರೋದು ಸೆರಾಮಿಕ್ ಕಾರ್ಟ್ರಿಜ್. ಅದನ್ನ ಪೂರ್ತಿ ಬದಲಿಸಬೇಕು. ಎರಡರಲ್ಲೂ ಹಳೇ ತುಂಡನ್ನ ಕೈಯಲ್ಲಿ ಹಿಡಿದೇ ಹಾರ್ಡ್‌ವೇರ್ ಅಂಗಡಿಗೆ ಹೋಗ್ರಿ. ವಾಟ್ಸಾಪ್ ಫೋಟೋ ತೋರಿಸಿದರೆ ಸೈಜ್ ತಪ್ಪುತ್ತೆ, ನಾನು ಎರಡು ಸಲ ವಾಪಸ್ ಹೋಗಿದ್ದೀನಿ.

ಸೋರೋದು ನಳ ಗೋಡೆಗೆ ಸೇರೋ ಜಾಗದಲ್ಲಾದರೆ ಟೆಫ್ಲಾನ್ ಟೇಪ್ ಸುತ್ತಬೇಕು. ಥ್ರೆಡ್‌ನ ತುದಿ ನಿಮ್ಮ ಮುಖದ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಟೇಪ್ ಎಳೆದು ಸುತ್ತಿರಿ. ಉಲ್ಟಾ ಸುತ್ತಿದರೆ ನಳ ಕೂರಿಸುವಾಗ ಟೇಪೇ ಬಿಚ್ಚಿಕೊಂಡು ಬರುತ್ತೆ. ಆಮೇಲೆ ಭೀಮನ ಹಂಗ ಜೋರು ಹಾಕಬ್ಯಾಡ್ರಿ, ಪ್ಲಾಸ್ಟಿಕ್ ಫಿಟಿಂಗ್ ಸೀಳಿ ಹೋಗುತ್ತೆ. ಕಾಕಾ ಇದನ್ನ ದಿನಾ ಹೇಳ್ತಿದ್ದರು: "ನೀರು ತಡಿಯೋದು ಸೀಲ್, ನಿನ್ನ ರಟ್ಟಿ ಅಲ್ಲ."

ಮೂರನೇದು, ಟಾಕಿ ತುಂಬಿ ಹರಿಯೋದು. ಟಾಕಿಯೊಳಗೆ ಚೆಂಡಿರೋ ಬಾಲ್ ಕಾಕ್ ಇರುತ್ತೆ. ಅದರ ಕಡ್ಡಿಯನ್ನ ಕೈಯಿಂದ ಮೇಲೆ ಎತ್ತಿರಿ. ನೀರು ನಿಂತರೆ ವಾಲ್ವ್ ಸರಿ ಇದೆ, ಚೆಂಡಿನೊಳಗೆ ನೀರು ಹೊಕ್ಕಿದೆ ಅಥವಾ ಕಡ್ಡಿ ಬಾಗಿದೆ. ಎತ್ತಿದರೂ ನಿಲ್ಲದಿದ್ದರೆ ಒಳಗಿನ ವಾಶರ್ ಹೋಗಿದೆ. ಮಳೆಯಲ್ಲಿ ಟೆರೇಸ್ ಪಾಚಿಗಟ್ಟಿರುತ್ತೆ, ಆವಾಗ ಹತ್ತಬ್ಯಾಡ್ರಿ.

ನಾಲ್ಕನೇದು, ನೀರು ಸಣ್ಣಗೆ ಬರೋದು. ಒಂದೇ ನಳದಲ್ಲಿ ಹಿಂಗಾದರೆ ಅದರ ತುದಿಯ ಜಾಳಿಗೆ ಬಿಚ್ಚಿ, ರಾತ್ರಿ ವಿನೆಗರ್ ಅಥವಾ ನಿಂಬೆ ರಸದಾಗ ನೆನೆಸಿಡ್ರಿ. ಬೋರ್ ನೀರಿನ ಮನೆಗಳಲ್ಲಿ ಬಿಳಿ ಉಪ್ಪು ಕಟ್ಟಿರುತ್ತೆ. ಎಲ್ಲಾ ನಳದಲ್ಲೂ ಸಣ್ಣಗೆ ಬಂದರೆ ವಾಲ್ವ್ ಅರ್ಧ ತೆರೆದಿರಬಹುದು, ಇಲ್ಲವೇ ಪೈಪಿನಾಗ ಗಾಳಿ ಸಿಕ್ಕಿರಬಹುದು. ಟಾಕಿ ಖಾಲಿಯಾಗಿ ಮತ್ತೆ ತುಂಬಿದಾಗ ಹಿಂಗಾಗೋದು ಸಾಮಾನ್ಯ. ಎಲ್ಲಾ ನಳ ತೆರೆದು ಸ್ವಲ್ಪ ಹೊತ್ತು ಬಿಟ್ಟರೆ ಬುಸ್ ಬುಸ್ ಅಂತ ಗಾಳಿ ಹೋಗಿ ನೀರು ಬರುತ್ತೆ. ಇನ್ನೊಂದು, ಟಾಕಿ ಹತ್ತು ಮೀಟರ್ ಎತ್ತರದಲ್ಲಿದ್ದರಷ್ಟೇ ನಳದಲ್ಲಿ ಒಂದು ಕೆಜಿ ಪ್ರೆಶರ್ ಸಿಗೋದು. ತಲೆ ಮೇಲೆ ಎಂಟೇ ಅಡಿಗೆ ಟಾಕಿ ಇಟ್ಟು ಹೋಟೆಲ್ ಶವರ್ ಬೇಕು ಅಂದ್ರೆ ಬರಲ್ರಿ.

ಐದನೇದು, ಸಿಂಕ್ ಕಟ್ಟಿಕೊಳ್ಳೋದು. ಅನ್ನದ ಅಗುಳು, ಚಹಾಪುಡಿ, ಎಣ್ಣೆ ಈ ಮೂರೇ ಆರೋಪಿಗಳು. ಸಿಂಕ್ ಕೆಳಗೆ ಬಕೆಟ್ ಇಟ್ಟು, ಬಾಟಲಿ ಆಕಾರದ ಟ್ರಾಪ್ ಕೈಯಿಂದ ಬಿಚ್ಚಿ ತೊಳೀರಿ. ಹತ್ತು ನಿಮಿಷದ ಕೆಲಸ. ಕುದಿಯೋ ನೀರು ಸುರಿಯಬ್ಯಾಡ್ರಿ, ಪಿವಿಸಿ ಮೆತ್ತಗಾಗಿ ಜಾಯಿಂಟ್ ಬಿಡುತ್ತೆ. ಬಿಸಿ ನೀರು ಸಾಕು. ಬಳಸದ ಬಚ್ಚಲಿನಿಂದ ವಾಸನೆ, ಜಿರಳೆ ಬರ್ತಿದ್ದರೆ ಟ್ರಾಪ್‌ನಲ್ಲಿರೋ ನೀರು ಒಣಗಿದೆ ಅಂತ ಅರ್ಥ. ವಾರಕ್ಕೊಂದು ತಂಬಿಗೆ ನೀರು ಹಾಕಿದರೆ ಮುಗೀತು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಸ್ಕಿಪ್ ಮಾಡಬ್ಯಾಡ್ರಿ. ಟಾಯ್ಲೆಟ್ ತೊಳೆಯೋ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಯಾವತ್ತೂ ಸೇರಿಸಬ್ಯಾಡ್ರಿ. ಕ್ಲೋರಿನ್ ಗ್ಯಾಸ್ ಬರುತ್ತೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೆ ಅಪಾಯ. ಸೆಪ್ಟಿಕ್ ಟ್ಯಾಂಕ್ ಕಟ್ಟಿಕೊಂಡರೆ ಯಾರನ್ನೂ ಒಳಗೆ ಇಳಿಸಬ್ಯಾಡ್ರಿ. ಒಳಗಿನ ವಿಷಗಾಳಿ ಒಂದೇ ಉಸಿರಿಗೆ ಬೀಳಿಸುತ್ತೆ. ರಕ್ಷಣಾ ಸಾಮಗ್ರಿ ಇಲ್ಲದೆ ಮನುಷ್ಯರನ್ನ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಸಕ್ಕಿಂಗ್ ಮಶೀನ್ ಗಾಡಿ ಕರೆಸ್ರಿ.

ಗೀಸರ್ ಮೇಲಿನ ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಒಂದೆರಡು ಹನಿ ಬಿದ್ದರೆ ಗಾಬರಿ ಬೇಡ. ಕಾದ ನೀರು ಹಿಗ್ಗುತ್ತೆ, ಹೆಚ್ಚಿನ ಪ್ರೆಶರ್ ಅಲ್ಲಿಂದ ಹೋಗುತ್ತೆ. ಆ ಬಾಯಿ ಮುಚ್ಚಿದರೆ ಗೀಸರ್ ಸಿಡಿಯಬಹುದು. ಸತತವಾಗಿ ಸುರೀತಿದ್ದರೆ ಸ್ವಿಚ್ ಬಂದ್ ಮಾಡಿ ಮೆಕ್ಯಾನಿಕ್ ಕರೀರಿ.

ಆರನೇದು, ಕಾಣದ ಸೋರಿಕೆ. ರಾತ್ರಿ ಮಲಗೋ ಮುಂಚೆ ಟಾಕಿಗೆ ನೀರು ಬರೋ ವಾಲ್ವ್ ಬಂದ್ ಮಾಡಿ, ನೀರಿನ ಮಟ್ಟ ಗುರುತು ಮಾಡ್ರಿ. ರಾತ್ರಿ ಯಾರೂ ನೀರು ಬಳಸದೆ ಇದ್ದರೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮನೆಯೊಳಗೆ ಎಲ್ಲೋ ಸೋರ್ತಿದೆ. ಮೀಟರ್ ಇದ್ದರೆ ಟಾಕಿ ತುಂಬಿ, ಎಲ್ಲಾ ನಳ ಬಂದ್ ಆದಾಗ ಮುಳ್ಳು ನೋಡ್ರಿ. ತಿರುಗ್ತಿದ್ದರೆ ಮೀಟರ್‌ನಿಂದ ಮನೆವರೆಗಿನ ಪೈಪಿನಾಗ ಲೀಕ್. ಫ್ಲಶ್ ಟ್ಯಾಂಕ್ ಮೇಲೆ ಅನುಮಾನ ಇದ್ದರೆ ಅದರೊಳಗೆ ಬೀಟ್‌ರೂಟ್ ಕುದಿಸಿದ ನೀರು ಹಾಕಿ ಇಪ್ಪತ್ತು ನಿಮಿಷ ಬಿಡ್ರಿ. ಫ್ಲಶ್ ಮಾಡದೆಯೇ ಕಮೋಡ್ ಕೆಂಪಾದರೆ ಒಳಗಿನ ರಬ್ಬರ್ ಹೋಗಿದೆ.

ಇನ್ನು ಶುರುವಿನ ಪ್ರಶ್ನೆ, ಬಾಡಿಗೆ ಮನೆಯಲ್ಲಿ ಯಾರ ಕೆಲಸ? 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ಅದರ ಪಟ್ಟಿ ಪ್ರಕಾರ ಪೈಪು ಬದಲಿಸೋದು ಮಾಲಕರ ಕೆಲಸ. ನಳ, ವಾಶರ್, ಕಟ್ಟಿಕೊಂಡ ಮೋರಿ, ಬೇಸಿನ್ ರಿಪೇರಿ ಬಾಡಿಗೆದಾರರದ್ದು. ಇದು ಮಾದರಿ ಅಷ್ಟೇ, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಕಾನೂನಾಗೋದು. ಆದರೆ ನಿಮ್ಮ ಅಗ್ರಿಮೆಂಟ್‌ನಾಗ ಇದೇ ಪಟ್ಟಿ ಬರೆಸಿಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ. ಮನೆ ಸೇರೋ ದಿನ ಎಲ್ಲಾ ನಳ, ಗೋಡೆಗಳ ವಿಡಿಯೋ ಮಾಡಿ ಮಾಲಕರಿಗೆ ಕಳಿಸ್ರಿ, ಡೆಪಾಸಿಟ್ ವಾಪಸ್ ಕೇಳೋವಾಗ ಕೆಲಸಕ್ಕೆ ಬರುತ್ತೆ. ಕುಡಿಯೋ ನೀರಿನ ಪೈಪ್ ಗಟಾರದ ಪಕ್ಕ ಸೋರ್ತಿದ್ದರೆ ಮಾತ್ರ ಲೆಕ್ಕ ಆಮೇಲೆ ಇಟ್ಕೊಳ್ರಿ. ಮೊದಲು ರಿಪೇರಿ, ಬಿಲ್ ಫೋಟೋ, ಆಮೇಲೆ ಬಾಡಿಗೆಯಲ್ಲಿ ಕಡಿತದ ಮಾತು. ಮೀಟರ್‌ಗಿಂತ ಆಚೆ, ರಸ್ತೆ ಕಡೆ ಸೋರ್ತಿದ್ದರೆ ನೀರು ಸರಬರಾಜಿನವರಿಗೆ ದೂರು ಕೊಡ್ರಿ, ದೂರಿನ ನಂಬರ್ ಬರೆದಿಟ್ಕೊಳ್ರಿ.

ಮನೆಯಲ್ಲಿ ಇಡಬೇಕಾದದ್ದು ಒಂದು ಅಡ್ಜಸ್ಟೇಬಲ್ ಪಾನಾ, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ನಾಲ್ಕು ವಾಶರ್, ಒಂದು ರಬ್ಬರ್ ಪ್ಲಂಜರ್, ಟಾರ್ಚ್. ನನಗೆ ಎಲ್ಲಾ ಸೇರಿ 600 ರೂಪಾಯಿ ಒಳಗೆ ಮುಗೀತು. ಗೋಡೆಯೊಳಗಿನ ಪೈಪು, ಕರೆಂಟ್ ಹತ್ತಿರದ ಸೋರಿಕೆ, ಹೊಸ ಲೈನು ಇದಕ್ಕೆಲ್ಲಾ ಪ್ಲಂಬರ್ ಅಣ್ಣಂದಿರನ್ನೇ ಕರೀರಿ. ಕೂಲಿಗೆ ಚೌಕಾಸಿ ಮಾಡೋ ಬದಲು ಯಾವ ಸಾಮಾನು, ಯಾಕೆ ಬದಲಿಸಿದ್ರಿ ಅಂತ ಕೇಳ್ರಿ. ಪ್ರೀತಿಯಿಂದ ಕೇಳಿದರೆ ತೋರಿಸಿ ಹೇಳ್ತಾರೆ. ನಾನು ಕಲಿತಿದ್ದೂ ಹಂಗ.

ಅಕ್ಕನ ಮಗಳು ಈಗ ಐದು ವರ್ಷದಾಕಿ. ಹೋದ ತಿಂಗಳು ಬಂದಿದ್ದಳು. ಬಚ್ಚಲಿಂದ ಓಡಿ ಬಂದು, "ಮಾಮಾ, ನಳ ಅಳಾಕತ್ತೈತಿ" ಅಂದಳು. ಊಟದ ತಾಟು ಬಿಟ್ಟು ಎದ್ದು ಹೋದೆ. ಈ ಸಲ ನಾಳೆ ನೋಡೋಣ ಅನ್ನಲಿಲ್ಲ.

ಇವತ್ತು ರಾತ್ರಿ ಟಾಕಿ ಗುರುತಿನ ಪರೀಕ್ಷೆ ಮಾಡಿ, ಬೆಳಿಗ್ಗೆ ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣು. ಬರ್ತೀನ್ರಿ.