ಕಲ್ಲಿನೊಳಗಿನ ಪೊಟ್ಯಾಷ್



ಗಿರಣಿಯಲ್ಲಿ ನೂಲು ಮತ್ತೆ ಮತ್ತೆ ಹರಿದರೆ ಮೇಸ್ತ್ರಿ ನಿಮ್ಮ ಕೈಯನ್ನು ದೂರುತ್ತಾನೆ. ಹತ್ತಿಯ ಗಿಡಕ್ಕೆ ಪೊಟ್ಯಾಷ್ ಸಾಲದಿದ್ದರೂ ಎಳೆ ಗಿಡ್ಡವಾಗುತ್ತದೆ, ಬಲಗುಂದುತ್ತದೆ. ಅದನ್ನು ಅವನು ಹೇಳುವುದಿಲ್ಲ.

ಈ ಪೊಟ್ಯಾಷ್ ಗೊಬ್ಬರವನ್ನು ನಮ್ಮ ದೇಶ ಬಹುಮಟ್ಟಿಗೆ ಹೊರಗಿನಿಂದಲೇ ತರಿಸುತ್ತದೆ. ದೊಡ್ಡ ಗಣಿಗಳಿರುವುದು ಕೆನಡಾ, ರಷ್ಯಾ, ಬೆಲಾರೂಸ್‌ಗಳಲ್ಲಿ. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಹತ್ತಿದಾಗ, ಮೊದಲೇ ಏರುತ್ತಿದ್ದ ಬೆಲೆ ಇನ್ನೂ ಏರಿತು.

ವಿಚಿತ್ರ ನೋಡಿ, ರೈತನ ಕಾಲಡಿಯ ಮಣ್ಣಿನಲ್ಲಿಯೂ ಪೊಟ್ಯಾಷ್ ಇದೆ. ಆದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಭ್ರಕ, ಫೆಲ್ಡ್‌ಸ್ಪಾರ್ ಮೊದಲಾದ ಖನಿಜಗಳಲ್ಲಿ ಸೆರೆ ಕೂತಿದೆ, ಬೇರಿಗೆ ಸಿಗದು. ಕೆಲವು ಸೂಕ್ಷ್ಮಜೀವಿಗಳು ಆಮ್ಲ ಸೂಸಿ (ನಿಂಬೆಹುಳಿಯ ಸಿಟ್ರಿಕ್ ಆಮ್ಲವೂ ಅದರಲ್ಲೊಂದು) ಅದನ್ನು ಬಿಡಿಸುತ್ತವೆ. ಫ್ರಾಟ್ಯೂರಿಯ ಆರಾಂಷಿಯ ಎಂಬುದನ್ನು ನಮ್ಮಲ್ಲಿ ಜೈವಿಕ ಗೊಬ್ಬರವಾಗಿ ಮಾರುತ್ತಾರೆ. ಕಳಿತ ಸಗಣಿಗೊಬ್ಬರದಲ್ಲಿ ಬೆರೆಸಿ ತೇವವಿರುವ ನೆಲಕ್ಕೆ ಹಾಕಬೇಕು.

ಅಂಗಡಿಯಿಟ್ಟ ಗೆಳೆಯರಿಗೊಂದು ಮಾತು: ಅದು ಉಪ್ಪಿನ ಚೀಲವಲ್ಲ, ಜೀವವಿರುವ ಸರಕು. ಬಿಸಿಲಿಗಿಟ್ಟರೆ ಸಾಯುತ್ತದೆ. ಅವಧಿ ಮುಗಿದದ್ದನ್ನು ರೈತನ ಕೈಗೆ ಕೊಡಬೇಡಿ.

ಇದನ್ನು ಪವಾಡವೆಂದು ಸಾರುವವರನ್ನೂ ನಂಬಬೇಡಿ. ಈ ಜೀವಿ ಪೊಟ್ಯಾಷನ್ನು ಹುಟ್ಟಿಸುವುದಿಲ್ಲ. ಅಂಥ ಖನಿಜವಿಲ್ಲದ ಮರಳು ನೆಲದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಜೋಳ, ಭತ್ತಗಳು ಹೀರಿದ ಪೊಟ್ಯಾಷಿನ ಹೆಚ್ಚು ಭಾಗ ದಂಟಿನಲ್ಲಿ, ಹುಲ್ಲಿನಲ್ಲಿ ಉಳಿಯುತ್ತದೆ. ಅದನ್ನು ಹೊಲಕ್ಕೆ ಹಿಂತಿರುಗಿಸದೆ ಬರೀ ಸೀಸೆ ಸುರಿದರೆ ನೆಲದ ಗಂಟು ಕರಗುತ್ತದೆ, ಅಷ್ಟೆ.

ಊರಿನಲ್ಲಿ ಹೊಲವಿರುವ ನಿಮ್ಮ ಅಣ್ಣತಮ್ಮಂದಿರಿಗೆ ಹೇಳಿ: ಒಂದು ಪಟ್ಟಿಗೆ ಹಾಕಲಿ, ಪಕ್ಕದ ಪಟ್ಟಿಗೆ ಬಿಡಲಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡಲಿ.